ಮನುಷ್ಯರು ಕರೆದಾಗ ಮಾತ್ರ ಫೋನ್ ಸದ್ದು ಮಾಡಲಿ: ಆ್ಯಪ್ ಮತ್ತು ಕಿರಿಕಿರಿ ಕಡಿಮೆ ಮಾಡುವ ಕ್ರಮ

ಫೋನ್ ನೋಡೋದು ಕಡಿಮೆ ಮಾಡಬೇಕು ಅಂದುಕೊಂಡವರು ಸಾಮಾನ್ಯವಾಗಿ ಮನಸ್ಸು ಗಟ್ಟಿ ಮಾಡಿಕೊಳ್ಳುವುದರಿಂದ ಶುರು ಮಾಡುತ್ತಾರೆ. ಸೋಮವಾರದಿಂದ ರೀಲ್ಸ್ ಬಂದ್, ರಾತ್ರಿ ಹತ್ತರ ಮೇಲೆ ಫೋನ್ ಮುಟ್ಟಲ್ಲ. ಗುರುವಾರದ ಹೊತ್ತಿಗೆ ಎಲ್ಲ ಮೊದಲಿನ ಹಾಗೇ ಆಗಿರುತ್ತದೆ. ಇದರಲ್ಲಿ ಅವರ ತಪ್ಪು ಕಡಿಮೆ. ಅನುಮತಿ ಸಿಕ್ಕ ಯಾವ ಆ್ಯಪ್ ಬೇಕಾದರೂ ಯಾವ ಹೊತ್ತಿನಲ್ಲಿ ಬೇಕಾದರೂ ನಮ್ಮನ್ನು ಕರೆಯಬಹುದು. ಆ ಏರ್ಪಾಡನ್ನು ಹಾಗೇ ಬಿಟ್ಟು ಮನಸ್ಸಿನ ಜತೆ ಗುದ್ದಾಡಿದರೆ ಸುಸ್ತಾಗುವುದೇ ಜಾಸ್ತಿ.

ಹಾಗಾಗಿ ಇಲ್ಲಿ ಹೇಳುವುದೆಲ್ಲ ಸೆಟ್ಟಿಂಗ್ಸ್ ಬಗ್ಗೆ. ನಿಯಮ ಒಂದೇ. ಒಬ್ಬ ಮನುಷ್ಯ ನಿಮಗೇ ಅಂತ ಕರೆ ಮಾಡಿದಾಗ ಫೋನ್ ಸದ್ದು ಮಾಡಬೇಕು. ಉಳಿದದ್ದೆಲ್ಲ ನೀವು ತೆರೆದು ನೋಡುವ ತನಕ ಕಾಯಬೇಕು. ಕ್ರಮವೂ ಮುಖ್ಯ. ಎಲ್ಲರೂ ಮೊದಲು ಆ್ಯಪ್ ಡಿಲೀಟ್ ಮಾಡಲು ಹೋಗುತ್ತಾರೆ. ಅದು ಕೊನೆಯ ಕಡೆ ಬರಬೇಕಾದ ಕೆಲಸ. ಮೊದಲು ಸದ್ದು, ಆಮೇಲೆ ವಾಟ್ಸಾಪ್, ಅದಾದ ಮೇಲೆ ಆ್ಯಪ್.

1. ಮೊದಲು ಸುಮ್ನೆ ಲೆಕ್ಕ ನೋಡಿ

ಆಂಡ್ರಾಯ್ಡ್ ಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ಹುಡುಕಿ. ಐಫೋನ್ ಆದರೆ ‘ಸ್ಕ್ರೀನ್ ಟೈಮ್’. ಎರಡೂ ಬಂದದ್ದು 2018ರಲ್ಲಿ. ಹೆಚ್ಚಿನವರು ಒಟ್ಟು ಎಷ್ಟು ಗಂಟೆ ಅಂತ ನೋಡಿ ಬೇಸರ ಮಾಡಿಕೊಂಡು ಮುಚ್ಚಿಬಿಡುತ್ತಾರೆ. ಒಟ್ಟು ಗಂಟೆಯಿಂದ ತಿಳಿಯುವುದು ಕಡಿಮೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಮ್ಯಾಪ್ ಹಾಕಿಕೊಂಡು ಕಾರು ಓಡಿಸಿದರೆ ಅಷ್ಟೂ ಹೊತ್ತು ಲೆಕ್ಕಕ್ಕೆ ಸೇರುತ್ತದೆ.

ನೀವು ನೋಡಬೇಕಾದದ್ದು ಎರಡು ಸಂಖ್ಯೆ. ದಿನಕ್ಕೆ ಎಷ್ಟು ಸಲ ಫೋನ್ ಅನ್‌ಲಾಕ್ ಮಾಡಿದಿರಿ, ಯಾವ ಆ್ಯಪ್‌ನಿಂದ ಎಷ್ಟು ನೋಟಿಫಿಕೇಶನ್ ಬಂತು. ಐಫೋನ್‌ನಲ್ಲಿ ಇನ್ನೊಂದು ಉಪಯೋಗದ ಮಾಹಿತಿ ಇದೆ: ಫೋನ್ ಎತ್ತಿಕೊಂಡ ತಕ್ಷಣ ನೀವು ಮೊದಲು ತೆರೆದ ಆ್ಯಪ್ ಯಾವುದು ಅಂತ ಅದು ತೋರಿಸುತ್ತದೆ. ಬಹಳ ಜನರಿಗೆ ಎರಡು ಮೂರು ಆ್ಯಪ್‌ಗಳೇ ಮೇಲೆ ಕಾಣುತ್ತವೆ. ಆ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಈ ಹಂತದಲ್ಲಿ ಏನನ್ನೂ ಬದಲಿಸಬೇಡಿ.

2. ಬರಬೇಕಾದ ಕರೆ ಬಂದೇ ಬರುತ್ತದೆ ಅನ್ನುವ ಧೈರ್ಯ

ಫೋನ್ ಸೈಲೆಂಟ್ ಮಾಡಲು ನಮಗೆ ಭಯ. ಊರಲ್ಲಿ ಅಪ್ಪನಿಗೆ ಹುಷಾರಿಲ್ಲ, ಮಗು ಸ್ಕೂಲಲ್ಲಿದೆ, ಯಾವಾಗ ಕರೆ ಬರುತ್ತದೋ ಗೊತ್ತಿಲ್ಲ. ಈ ಭಯ ನಿಜವಾದದ್ದು. ಇದಕ್ಕೆ ಪರಿಹಾರ ಮಾಡದೆ ಮುಂದಿನ ಯಾವ ಹಂತವೂ ನಿಲ್ಲುವುದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಒಂದು ಕರೆ ತಪ್ಪಿಹೋದರೆ ಸಾಕು, ಜನ ಎಲ್ಲ ಸೆಟ್ಟಿಂಗ್ಸನ್ನೂ ವಾಪಸ್ ಹಾಕಿಬಿಡುತ್ತಾರೆ.

ಆನ್ ಮಾಡಿದಾಗ ಫೋನ್ ಸದ್ದು ನಿಲ್ಲಿಸುವ ‘ಡು ನಾಟ್ ಡಿಸ್ಟರ್ಬ್’ ಸೆಟ್ಟಿಂಗ್ ತೆರೆಯಿರಿ. ಅದರಲ್ಲಿ ಯಾರ ಕರೆ ಸದ್ದು ಮಾಡಬಹುದು ಅಂತ ಆರಿಸುವ ಅವಕಾಶ ಇದೆ. ಆಂಡ್ರಾಯ್ಡ್‌ನಲ್ಲಿ ಮನೆಯವರ ಹೆಸರಿಗೆ ಸ್ಟಾರ್ ಹಾಕಿ, ‘ಸ್ಟಾರ್ಡ್ ಕಾಂಟ್ಯಾಕ್ಟ್ಸ್’ ಆರಿಸಿದರೆ ಸಾಕು. ಐಫೋನ್‌ನಲ್ಲಿ ‘ಫೋಕಸ್’ ಒಳಗೆ ಹೆಸರುಗಳನ್ನು ಸೇರಿಸಬಹುದು. ಮನೆಯವರು, ಮಕ್ಕಳ ಶಾಲೆ, ಪಕ್ಕದ ಮನೆಯವರು, ಕೆಲಸದ ಜಾಗದಿಂದ ನಿಜವಾಗಿ ತುರ್ತಿಗೆ ಕರೆಯುವ ಒಬ್ಬರು. ಈ ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು.

ಅಲ್ಲೇ ‘ರಿಪೀಟ್ ಕಾಲರ್ಸ್’ ಅಂತ ಇನ್ನೊಂದು ಆಯ್ಕೆ ಇದೆ. ಐಫೋನ್‌ನಲ್ಲಿ ಅದರ ಹೆಸರು ‘ರಿಪೀಟೆಡ್ ಕಾಲ್ಸ್’. ಅದನ್ನು ತಪ್ಪದೆ ಆನ್ ಮಾಡಿ. ಪಟ್ಟಿಯಲ್ಲಿ ಇಲ್ಲದವರು ಮಾಡಿದರೂ ಎರಡನೇ ಕರೆ ಸದ್ದು ಮಾಡುತ್ತದೆ. ಆಂಡ್ರಾಯ್ಡ್‌ನಲ್ಲಿ ಒಂದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಸಲ ಬಂದರೆ, ಐಫೋನ್‌ನಲ್ಲಿ 3 ನಿಮಿಷದೊಳಗೆ ಬಂದರೆ. ಆಸ್ಪತ್ರೆಯಿಂದಲೋ ಗೊತ್ತಿಲ್ಲದ ನಂಬರಿನಿಂದಲೋ ಬರುವ ತುರ್ತು ಕರೆಗೂ ಇದೇ ದಾರಿ.

ಇಷ್ಟು ಮಾಡಿದ ಮೇಲೆ ಮನೆಯವರಿಗೆ ಹೇಳಬೇಕು. ಇದನ್ನು ಬಿಟ್ಟರೆ ಮಿಕ್ಕದ್ದು ಕೆಲಸ ಮಾಡುವುದಿಲ್ಲ. “ಅಮ್ಮಾ, ಅರ್ಜೆಂಟ್ ಇದ್ರೆ ವಾಟ್ಸಾಪ್ ಹಾಕ್ಬೇಡ, ಫೋನೇ ಮಾಡು. ಎತ್ತಲಿಲ್ಲ ಅಂದ್ರೆ ತಕ್ಷಣ ಇನ್ನೊಂದ್ಸಲ ಮಾಡು.” ಇಷ್ಟೇ. ಆಫೀಸಿನವರಿಗೂ ಇದೇ ಮಾತು ಸ್ವಲ್ಪ ಮರ್ಯಾದೆ ಸೇರಿಸಿ ಹೇಳಿ. ತುರ್ತು ಅಂದರೆ ಕರೆ ಅಂತ ಎಲ್ಲರಿಗೂ ಗೊತ್ತಾದ ಮೇಲೆ, ಮೆಸೇಜನ್ನು ಒಂದು ಗಂಟೆ ಬಿಟ್ಟು ನೋಡಿದರೂ ಯಾರೂ ತಪ್ಪು ತಿಳಿಯುವುದಿಲ್ಲ.

3. ನೋಟಿಫಿಕೇಶನ್: ಎಲ್ಲವನ್ನೂ ಆಫ್ ಮಾಡಿ, ಕೆಲವನ್ನು ವಾಪಸ್ ಕೊಡಿ

ಬೇಡದ್ದನ್ನು ಒಂದೊಂದಾಗಿ ಆಫ್ ಮಾಡುತ್ತಾ ಹೋದರೆ ಪ್ರತಿಯೊಂದರ ಮೇಲೂ ‘ಇದು ಇರಲಿ’ ಅನ್ನಿಸುತ್ತದೆ. ಉಲ್ಟಾ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್, ಅದರೊಳಗೆ ಆ್ಯಪ್ ನೋಟಿಫಿಕೇಶನ್ಸ್. ಪೂರ್ತಿ ಪಟ್ಟಿ ಬರುತ್ತದೆ. ಎಲ್ಲವನ್ನೂ ಆಫ್ ಮಾಡಿ, ಆಮೇಲೆ ಇವಕ್ಕೆ ಮಾತ್ರ ಆನ್ ಮಾಡಿ: ಫೋನ್ ಕರೆ, ಎಸ್‌ಎಂಎಸ್, ವಾಟ್ಸಾಪ್, ಬ್ಯಾಂಕ್, ಅಲಾರಂ ಮತ್ತು ಕ್ಯಾಲೆಂಡರ್, ಆಟೊ ಅಥವಾ ಕ್ಯಾಬ್ ಕರೆಯುವ ಆ್ಯಪ್. ಸುದ್ದಿ, ಶಾಪಿಂಗ್, ಕ್ರಿಕೆಟ್ ಸ್ಕೋರ್, ಆಟ, ಸಾಮಾಜಿಕ ಜಾಲತಾಣ ಇವು ಯಾವುದಕ್ಕೂ ನಿಮ್ಮನ್ನು ಕರೆಯುವ ಹಕ್ಕು ಬೇಡ. ಇಮೇಲ್ ಕೂಡ ಅಷ್ಟೇ. ಅದನ್ನು ನೀವೇ ಹೋಗಿ ನೋಡುತ್ತೀರಲ್ವಾ.

ಕೆಲವು ಆ್ಯಪ್‌ಗಳಲ್ಲಿ ಬೇಕಾದದ್ದು ಬೇಡದ್ದು ಎರಡೂ ಸೇರಿಕೊಂಡಿರುತ್ತವೆ. ಊಟ ತರಿಸುವ ಆ್ಯಪ್ ‘ನಿಮ್ಮ ಆರ್ಡರ್ ಬಾಗಿಲಲ್ಲಿದೆ’ ಅಂತಲೂ ಹೇಳುತ್ತದೆ, ‘ಹಸಿವಾಯ್ತಾ?’ ಅಂತಲೂ ಕೇಳುತ್ತದೆ. ಆಂಡ್ರಾಯ್ಡ್ 8ರಿಂದ ಈಚೆಗೆ, ಅಂದರೆ 2017ರಿಂದ, ಒಂದೇ ಆ್ಯಪ್‌ನ ನೋಟಿಫಿಕೇಶನ್‌ಗಳನ್ನು ಬಗೆಬಗೆಯಾಗಿ ಆಫ್ ಮಾಡಬಹುದು. ಬಂದ ನೋಟಿಫಿಕೇಶನ್ ಮೇಲೆ ಬೆರಳು ಒತ್ತಿ ಹಿಡಿಯಿರಿ, ಸೆಟ್ಟಿಂಗ್ಸ್ ಗುರುತು ಕಾಣುತ್ತದೆ. ಅಲ್ಲಿ ‘ಪ್ರಮೋಷನ್ಸ್’, ‘ಆಫರ್ಸ್’ ಅಂತ ಇರುವುದನ್ನು ಆಫ್ ಮಾಡಿ, ಆರ್ಡರ್ ಸುದ್ದಿಯನ್ನು ಬಿಡಿ. ಐಫೋನ್‌ನಲ್ಲಿ ಇದಕ್ಕೆ ಆ್ಯಪ್‌ನ ಒಳಗಿನ ಸೆಟ್ಟಿಂಗ್ಸ್‌ಗೇ ಹೋಗಬೇಕು. ಆ ಅವಕಾಶವನ್ನೇ ಕೊಡದ ಆ್ಯಪ್ ಆದರೆ ಪೂರ್ತಿ ಆಫ್ ಮಾಡುವುದೇ ಸರಿ. ಆರ್ಡರ್ ಕೊಟ್ಟ ದಿನ ತೆರೆದು ನೋಡಿದರಾಯ್ತು.

ಆಂಡ್ರಾಯ್ಡ್ 13ರಿಂದ, ಅಂದರೆ 2022ರಿಂದ, ಹೊಸ ಆ್ಯಪ್ ಹಾಕಿದಾಗ ಅದು ನೋಟಿಫಿಕೇಶನ್‌ಗೆ ಅನುಮತಿ ಕೇಳಲೇಬೇಕು. ಇನ್ನು ಮುಂದೆ ಬರುವ ಆ್ಯಪ್‌ಗಳಿಗೆ ಉತ್ತರ ‘ಡೋಂಟ್ ಅಲೋ’. ಬೇಕಾದರೆ ಆಮೇಲೆ ಕೊಡಬಹುದು.

ಇನ್ನು ಎರಡು ಚಿಕ್ಕ ಕೆಲಸ. ಆ್ಯಪ್ ಚಿಹ್ನೆಯ ಮೂಲೆಯಲ್ಲಿ ಬರುವ ಕೆಂಪು ಚುಕ್ಕೆ ಅಥವಾ ಸಂಖ್ಯೆಯನ್ನೂ ತೆಗೆಯಿರಿ. ಸದ್ದು ನಿಂತರೂ ಅದು ಕಣ್ಣು ಎಳೆಯುತ್ತದೆ. ಜತೆಗೆ, ಕೆಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಲಾಕ್ ಸ್ಕ್ರೀನ್ ಮೇಲೆಯೇ ಸುದ್ದಿ, ಚಿತ್ರ, ವಿಡಿಯೊ ಬರುತ್ತಿರುತ್ತವೆ. ಟೈಮ್ ನೋಡಲು ಫೋನ್ ಎತ್ತಿದವರು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಸೆಟ್ಟಿಂಗ್ಸ್‌ನ ಲಾಕ್ ಸ್ಕ್ರೀನ್ ಅಥವಾ ವಾಲ್‌ಪೇಪರ್ ವಿಭಾಗದಲ್ಲಿ ಅದನ್ನು ನಿಲ್ಲಿಸಬಹುದು.

4. ವಾಟ್ಸಾಪ್

ನಮ್ಮಲ್ಲಿ ಅರ್ಧ ಗಲಾಟೆ ಇಲ್ಲೇ. ಇದನ್ನು ಡಿಲೀಟ್ ಮಾಡಿ ಅಂತ ಹೇಳಲು ಆಗುವುದಿಲ್ಲ. ಮಕ್ಕಳ ಕ್ಲಾಸ್ ಗ್ರೂಪ್, ಅಪಾರ್ಟ್‌ಮೆಂಟ್ ಗ್ರೂಪ್, ಸಂಘದ ಗ್ರೂಪ್, ಅಡಿಕೆ ಧಾರಣೆ ತಿಳಿಸುವ ಗ್ರೂಪ್, ಊರ ಜಾತ್ರೆಯ ಗ್ರೂಪ್ ಎಲ್ಲ ಇದರಲ್ಲೇ ನಡೆಯುತ್ತವೆ. ವಿದೇಶದಲ್ಲಿರುವ ಮಗಳಿಗೆ ಮನೆಯ ಮಾತು ತಲುಪುವುದೂ ಇದರಲ್ಲೇ.

ಮೊದಲು, ಎಲ್ಲ ಗ್ರೂಪನ್ನೂ ಮ್ಯೂಟ್ ಮಾಡಿ. ಮೂರು ಆಯ್ಕೆ ಬರುತ್ತವೆ: 8 ಗಂಟೆ, 1 ವಾರ, ಯಾವಾಗಲೂ. ‘ಯಾವಾಗಲೂ’ ಒತ್ತಿ. ನೀವು ಮ್ಯೂಟ್ ಮಾಡಿದ್ದು ಗ್ರೂಪಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಹಾಗಾಗಿ ದೊಡ್ಡಪ್ಪನಿಗೋ ಅತ್ತೆಗೋ ಬೇಜಾರಾಗುವ ಪ್ರಶ್ನೆಯೇ ಇಲ್ಲ.

ಎರಡನೆಯದು ಆರ್ಕೈವ್, ಅಂದರೆ ಚಾಟನ್ನು ಅಳಿಸದೆ ಮುಖ್ಯ ಪಟ್ಟಿಯಿಂದ ತೆಗೆದು ಪಕ್ಕಕ್ಕಿಡುವುದು. ದಿನಾ ನೋಡಬೇಕಾಗಿಲ್ಲದ ಗ್ರೂಪ್‌ಗಳನ್ನು ಆರ್ಕೈವ್‌ಗೆ ಕಳಿಸಿ. 2021ರಿಂದ ಈಚೆಗೆ, ಆರ್ಕೈವ್ ಮಾಡಿದ ಗ್ರೂಪ್‌ಗೆ ಹೊಸ ಮೆಸೇಜ್ ಬಂದರೂ ಅದು ಅಲ್ಲೇ ಇರುತ್ತದೆ, ಮೇಲೆ ಬರುವುದಿಲ್ಲ. ಯಾರಾದರೂ ನಿಮ್ಮ ಹೆಸರು ಹಾಕಿ ಕರೆದರೆ ಅಥವಾ ನಿಮ್ಮ ಮೆಸೇಜ್‌ಗೆ ಉತ್ತರ ಕೊಟ್ಟರೆ ಮಾತ್ರ ತಿಳಿಸುತ್ತದೆ. ನನ್ನ ಪ್ರಕಾರ ವಾಟ್ಸಾಪ್‌ನಲ್ಲಿ ಅತ್ಯಂತ ಉಪಯೋಗದ, ಆದರೆ ಜನ ಕಡಿಮೆ ಬಳಸುವ ಸೌಲಭ್ಯ ಇದು. ಚಾಟ್ ಪಟ್ಟಿಯಲ್ಲಿ ಮನೆಯವರು, ಹತ್ತಿರದ ಗೆಳೆಯರು, ಕ್ಲಾಸ್ ಗ್ರೂಪ್ ಇಷ್ಟೇ ಉಳಿದರೆ ಆ್ಯಪ್ ತೆರೆದ ಅರ್ಧ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಮೂರನೆಯದು, ಯಾರು ಬೇಕಾದರೂ ನಿಮ್ಮನ್ನು ಗ್ರೂಪಿಗೆ ಸೇರಿಸುವುದನ್ನು ತಡೆಯಿರಿ. ಸೆಟ್ಟಿಂಗ್ಸ್, ಪ್ರೈವಸಿ, ಗ್ರೂಪ್ಸ್. ಅಲ್ಲಿ ‘ಮೈ ಕಾಂಟ್ಯಾಕ್ಟ್ಸ್’ ಆರಿಸಿ. ಚುನಾವಣೆ ಹತ್ತಿರ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ.

ಸ್ಟೋರೇಜ್ ಸೆಟ್ಟಿಂಗ್ಸ್‌ನಲ್ಲಿ ಫೋಟೊ, ವಿಡಿಯೊ ತಾವಾಗಿಯೇ ಡೌನ್‌ಲೋಡ್ ಆಗುವುದನ್ನೂ ನಿಲ್ಲಿಸಿ. ಹೂವಿನ ಚಿತ್ರದ ಶುಭೋದಯಗಳಿಂದ ಗ್ಯಾಲರಿ ತುಂಬುವುದು ತಪ್ಪುತ್ತದೆ.

5. ಮಾರಾಟದ ಕರೆ, ಮಾರಾಟದ ಎಸ್‌ಎಂಎಸ್

ಇದು ಬೇಗ ಆಗುವ ಕೆಲಸ. 1909ಕ್ಕೆ ಕರೆ ಮಾಡಿ, ಜಾಹೀರಾತಿನ ಕರೆ ಮತ್ತು ಸಂದೇಶ ಬೇಡ ಅಂತ ನೋಂದಾಯಿಸಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್) ಆ್ಯಪ್‌ನಲ್ಲೂ ಮಾಡಬಹುದು, ಆದರೆ ಆ್ಯಪ್ ಕಡಿಮೆ ಮಾಡಲು ಹೊರಟವರಿಗೆ ಕರೆಯೇ ಸಾಕು. ವ್ಯಾಪಾರಿ ಎಸ್‌ಎಂಎಸ್ ಕಳಿಸಿದವರ ಹೆಸರಿನ ಕೊನೆಯಲ್ಲಿ 2025ರಿಂದ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ‘ಪಿ’ ಇದ್ದರೆ ಜಾಹೀರಾತು, ‘ಎಸ್’ ಇದ್ದರೆ ಸೇವೆ, ‘ಟಿ’ ಇದ್ದರೆ ವಹಿವಾಟು, ‘ಜಿ’ ಇದ್ದರೆ ಸರ್ಕಾರ. ‘ಪಿ’ ನೋಡಿದರೆ ತೆರೆಯದೇ ಬಿಡಬಹುದು.

6. ಈಗ ಆ್ಯಪ್ ತೆಗೆಯುವ ಕೆಲಸ

ಮೊದಲು ಯಾವುದನ್ನು ಮುಟ್ಟಲೇ ಇಲ್ಲ ಅಂತ ಫೋನನ್ನೇ ಕೇಳಿ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರದ ಮೇಲೆ ಒತ್ತಿ, ‘ಮ್ಯಾನೇಜ್ ಆ್ಯಪ್ಸ್ ಆ್ಯಂಡ್ ಡಿವೈಸ್’, ಅದರಲ್ಲಿ ‘ಮ್ಯಾನೇಜ್’. ಅಲ್ಲಿ ಕಡಿಮೆ ಬಳಸಿದ್ದು ಮೇಲೆ ಬರುವ ಹಾಗೆ ಜೋಡಿಸಬಹುದು. ಐಫೋನ್‌ನಲ್ಲಿ ‘ಐಫೋನ್ ಸ್ಟೋರೇಜ್’ ತೆರೆದರೆ ಪ್ರತಿ ಆ್ಯಪ್ ಕೊನೆಗೆ ಬಳಸಿದ ದಿನ ಕಾಣುತ್ತದೆ. ತಿಂಗಳುಗಟ್ಟಲೆ ಮುಟ್ಟದ್ದನ್ನು ಯೋಚನೆ ಮಾಡದೆ ತೆಗೆಯಿರಿ. ಫೋನ್ ಜತೆಗೇ ಬಂದದ್ದು ಅನ್‌ಇನ್‌ಸ್ಟಾಲ್ ಆಗದಿದ್ದರೆ ‘ಡಿಸೇಬಲ್’ ಒತ್ತಿ.

ಆಮೇಲೆ ಒಂದೇ ಕೆಲಸಕ್ಕೆ ಎರಡು ಮೂರು ಆ್ಯಪ್ ಇರುವ ಕಡೆ ನೋಡಿ. ಯುಪಿಐ ಇದಕ್ಕೆ ಒಳ್ಳೆಯ ಉದಾಹರಣೆ. ಕ್ಯಾಷ್‌ಬ್ಯಾಕ್ ಆಸೆಗೆ ಒಬ್ಬೊಬ್ಬರ ಫೋನಲ್ಲಿ ನಾಲ್ಕು ಇರುತ್ತವೆ. ಆದರೆ ಯುಪಿಐ ಇರುವುದೇ ಯಾವ ಆ್ಯಪ್‌ನಿಂದ ಯಾವ ಕ್ಯುಆರ್ ಕೋಡ್‌ಗಾದರೂ ಹಣ ಹೋಗುವ ಹಾಗೆ. ಒಂದೇ ಆ್ಯಪ್‌ಗೆ ನಿಮ್ಮ ಎಲ್ಲ ಬ್ಯಾಂಕ್ ಖಾತೆ ಜೋಡಿಸಬಹುದು. ಅದೇ ಆ್ಯಪ್‌ನಲ್ಲಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಬಿಲ್ಲು, ಗ್ಯಾಸ್ ಬುಕಿಂಗ್, ಫಾಸ್ಟ್ಯಾಗ್ ರೀಚಾರ್ಜ್ ಎಲ್ಲ ಆಗುತ್ತವೆ. ಹಾಗಾಗಿ ಅವುಗಳ ಬೇರೆ ಬೇರೆ ಆ್ಯಪ್ ಇದ್ದರೆ ಅವೂ ಬೇಡ. ಒಂದು ಯುಪಿಐ ಆ್ಯಪ್, ಒಂದು ಬ್ಯಾಂಕ್ ಆ್ಯಪ್, ಜೇಬಲ್ಲಿ ಸ್ವಲ್ಪ ನಗದು ಇರಲಿ. ಸರ್ವರ್ ಕೈಕೊಟ್ಟ ದಿನಕ್ಕೆ ಅಷ್ಟು ಬೇಕು.

ಪ್ರಯಾಣದಲ್ಲೂ ಹೀಗೇ. ನಮ್ಮ ಮೆಟ್ರೊ 2022ರ ನವೆಂಬರ್‌ನಿಂದ ವಾಟ್ಸಾಪ್‌ನಲ್ಲೇ ಟಿಕೆಟ್ ಕೊಡುತ್ತಿದೆ. ರೈಲ್ವೆಯ ‘ರೈಲ್‌ಒನ್’ 2025ರ ಜುಲೈನಲ್ಲಿ ಬಂತು. ಕಾಯ್ದಿರಿಸಿದ ಟಿಕೆಟ್, ಜನರಲ್ ಟಿಕೆಟ್ ಎರಡೂ ಅದರಲ್ಲಿ ಸಿಗುತ್ತವೆ. ವರ್ಷಕ್ಕೆ ಎರಡು ಸಲ ಹಬ್ಬಕ್ಕೆ ಊರಿಗೆ ಹೋಗುವವರಿಗೆ ಬಸ್ ಬುಕಿಂಗ್ ಆ್ಯಪ್ ಯಾಕೆ? ಕೆಎಸ್‌ಆರ್‌ಟಿಸಿ ವೆಬ್‌ಸೈಟನ್ನು ಬ್ರೌಸರ್‌ನಲ್ಲಿ ತೆರೆದರೆ ಆಯ್ತು. ಡಿಎಲ್, ಆರ್‌ಸಿಗೆ ಡಿಜಿಲಾಕರ್ ಅಥವಾ ಎಂಪರಿವಾಹನ್, ಎರಡರಲ್ಲಿ ಒಂದು ಸಾಕು.

ಬ್ರೌಸರ್ ಅನ್ನುವುದನ್ನು ಎಲ್ಲ ಕಡೆ ಬಳಸಿ. ಶಾಪಿಂಗ್, ಸುದ್ದಿ, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎಲ್ಲ ಬ್ರೌಸರ್‌ನಲ್ಲಿ ತೆರೆಯುತ್ತವೆ. ಸ್ವಲ್ಪ ನಿಧಾನ, ಸ್ವಲ್ಪ ಕಿರಿಕಿರಿ. ಆ ನಿಧಾನವೇ ನಿಮಗೆ ಬೇಕಾದದ್ದು. ನಿಜವಾಗಿ ಬೇಕಿದ್ದರೆ ತೆರೆಯುತ್ತೀರಿ, ಕೈ ಸುಮ್ಮನಿರಲಾರದೆ ತೆರೆಯುವುದು ತಪ್ಪುತ್ತದೆ.

ತೆಗೆಯುವ ಮುಂಚೆ ಕೆಲವು ಎಚ್ಚರಿಕೆ ಇವೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಒಟಿಪಿ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ಅದನ್ನು ಸುಮ್ನೆ ತೆಗೆಯಬೇಡಿ. ಅದರೊಳಗಿನ ಖಾತೆಗಳನ್ನು ಬೇರೆ ಕಡೆಗೆ ವರ್ಗಾಯಿಸದೆ ಅಳಿಸಿದರೆ ಇಮೇಲ್‌ಗೂ ಆಫೀಸ್ ಖಾತೆಗೂ ನೀವೇ ಹೊರಗಾಗಬಹುದು.

ಯುಪಿಐ ಆ್ಯಪ್ ತೆಗೆಯುವ ಮುಂಚೆ ಅದರಲ್ಲಿ ‘ಆಟೊಪೇ’, ಅಂದರೆ ತಾನಾಗಿ ಹಣ ಕಡಿತ ಆಗುವ ಏರ್ಪಾಡು, ಏನೇನಿದೆ ನೋಡಿ, ಬೇಡದ್ದನ್ನು ರದ್ದು ಮಾಡಿ, ಬ್ಯಾಂಕ್ ಖಾತೆಯನ್ನು ಬಿಡಿಸಿ, ಆಮೇಲೆ ಆ್ಯಪ್ ತೆಗೆಯಿರಿ.

ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಖಾತೆಯೂ ಅಳಿಯುವುದಿಲ್ಲ. ಪ್ಲೇ ಸ್ಟೋರ್‌ನ ‘ಪೇಮೆಂಟ್ಸ್ ಆ್ಯಂಡ್ ಸಬ್‌ಸ್ಕ್ರಿಪ್ಷನ್ಸ್’ನಲ್ಲಿ ನೋಡಿ, ಹಣ ಕಡಿತ ಆಗುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ.

ವಿದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಭಾರತದ ಬ್ಯಾಂಕ್ ಆ್ಯಪ್ ಅನ್ನು ತಿಂಗಳಾನುಗಟ್ಟಲೆ ಬಳಸದಿದ್ದರೂ ಇಟ್ಟುಕೊಳ್ಳಿ. ಮತ್ತೆ ಹಾಕಿದಾಗ ನೋಂದಾಯಿತ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕು ಅಂತ ಹಲವು ಬ್ಯಾಂಕ್ ಕೇಳುತ್ತವೆ. ಆ ಸಿಮ್ ಊರಿನ ಮನೆಯ ಕಪಾಟಿನಲ್ಲಿದ್ದರೆ ಕಷ್ಟ.

7. ಕೊನೆ ಇಲ್ಲದ ಪರದೆ

ಮೊದಲ ಹಂತದಲ್ಲಿ ಬರೆದಿಟ್ಟ ಚೀಟಿಯನ್ನು ಈಗ ತೆಗೆಯಿರಿ. ಅದರಲ್ಲಿ ರೀಲ್ಸ್ ಅಥವಾ ಶಾರ್ಟ್ಸ್ ಇದ್ದರೆ ಅದಕ್ಕೊಂದು ಹಿನ್ನೆಲೆ ಇದೆ. 2020ರ ಜೂನ್ ಕೊನೆಯಲ್ಲಿ ಭಾರತ ಟಿಕ್‌ಟಾಕ್ ನಿಷೇಧಿಸಿತು. ಕೆಲವೇ ದಿನಗಳಲ್ಲಿ, ಜುಲೈನಲ್ಲಿ, ಇನ್‌ಸ್ಟಾಗ್ರಾಮ್ ರೀಲ್ಸ್ ಇಲ್ಲಿಗೆ ಬಂತು. ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಶಾರ್ಟ್ಸ್ ಅನ್ನು ಮೊದಲು ಪ್ರಯೋಗಕ್ಕೆ ಬಿಟ್ಟದ್ದೂ ಭಾರತದಲ್ಲೇ. ಕೆಳಗೆ ಎಳೆದಷ್ಟೂ ಮುಗಿಯದ ಪರದೆಯನ್ನು 2006ರಲ್ಲಿ ರೂಪಿಸಿದವರು ಅಮೆರಿಕದ ಆಜಾ ರಾಸ್ಕಿನ್. ಅದರಿಂದ ಆದ ಪರಿಣಾಮಕ್ಕೆ ಅವರೇ ಆಮೇಲೆ ಬಹಿರಂಗವಾಗಿ ಬೇಸರ ಹೇಳಿಕೊಂಡರು. ಮೊದಲೆಲ್ಲ ಪುಟ ಮುಗಿಯುತ್ತಿತ್ತು, ಮುಗಿದಾಗ ‘ಸಾಕಾ?’ ಅಂತ ಯೋಚಿಸಲು ಒಂದು ಕ್ಷಣ ಸಿಗುತ್ತಿತ್ತು. ಆ ಕ್ಷಣವನ್ನು ವಾಪಸ್ ತರುವುದೇ ಈ ಹಂತದ ಕೆಲಸ.

ಯೂಟ್ಯೂಬ್‌ಗೆ ಒಳ್ಳೆಯ ಉಪಾಯ ಇದೆ. ವಾಚ್ ಹಿಸ್ಟರಿಯನ್ನು ಅಳಿಸಿ, ಆಮೇಲೆ ಆಫ್ ಮಾಡಿ. 2023ರಿಂದ, ಹೀಗೆ ಮಾಡಿದವರಿಗೆ ಹೋಮ್ ಪುಟ ಖಾಲಿ ಕಾಣುತ್ತದೆ. ಹುಡುಕಿದ್ದು ಸಿಗುತ್ತದೆ, ನೀವು ಸಬ್‌ಸ್ಕ್ರೈಬ್ ಮಾಡಿದ ಚಾನೆಲ್ ಸಿಗುತ್ತದೆ. ಯಕ್ಷಗಾನ ನೋಡಲು ಬಂದವರು ಯಕ್ಷಗಾನ ನೋಡಿ ಹೊರಡಬಹುದು. ‘ಆಟೊಪ್ಲೇ’ಯನ್ನೂ ಆಫ್ ಮಾಡಿ.

ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಆ್ಯಪ್ ತೆಗೆದು ಬ್ರೌಸರ್‌ಗೆ ಹೋಗುವುದೇ ನನ್ನ ಸಲಹೆ. ಬಟ್ಟೆ, ಉಪ್ಪಿನಕಾಯಿ, ಒಡವೆ ಅಂತ ಅದರಲ್ಲೇ ವ್ಯಾಪಾರ ಮಾಡುವವರು ತೆಗೆಯಲಾಗುವುದಿಲ್ಲ. ಅವರು ವ್ಯಾಪಾರಕ್ಕೆ ಬೇರೆ ಖಾತೆ ಮಾಡಿಕೊಂಡು, ಅದರಲ್ಲಿ ಗ್ರಾಹಕರ ಮೆಸೇಜ್ ಬಿಟ್ಟು ಬೇರೆ ಯಾವ ನೋಟಿಫಿಕೇಶನ್ನೂ ಇಲ್ಲದಂತೆ ಇಟ್ಟುಕೊಳ್ಳಲಿ. ದಿನಕ್ಕಿಷ್ಟೇ ನಿಮಿಷ ಅಂತ ಆ್ಯಪ್ ಟೈಮರ್ ಹಾಕುವುದೂ ಒಂದು ದಾರಿ. ಆದರೆ ಟೈಮರ್ ಮುಗಿದಾಗ ಅದನ್ನು ಮೀರುವುದು ತೀರಾ ಸುಲಭ. ಅದರ ಮೇಲೆ ಹೆಚ್ಚು ಭರವಸೆ ಇಡಬೇಡಿ. ಐಫೋನ್‌ನಲ್ಲಿ ಸ್ಕ್ರೀನ್ ಟೈಮ್‌ಗೆ ಪಾಸ್‌ಕೋಡ್ ಇದೆ. ಅದನ್ನು ಹೆಂಡತಿಯೋ ಗಂಡನೋ ಹಾಕಿದರೆ ಆಗ ಕೆಲಸ ಮಾಡುತ್ತದೆ.

8. ಹೋಮ್ ಸ್ಕ್ರೀನ್ ಮತ್ತು ರಾತ್ರಿ

ಹೋಮ್ ಸ್ಕ್ರೀನ್‌ನ ಮೊದಲ ಪುಟದಲ್ಲಿ ಸಾಧನಗಳು ಮಾತ್ರ ಇರಲಿ: ಫೋನ್, ಕ್ಯಾಮೆರಾ, ಮ್ಯಾಪ್, ಯುಪಿಐ, ಕ್ಯಾಲೆಂಡರ್. ಬೇರೆಯದನ್ನು ಹೆಸರು ಟೈಪ್ ಮಾಡಿ ಹುಡುಕಿ ತೆರೆಯಿರಿ. ಆಂಡ್ರಾಯ್ಡ್‌ನಲ್ಲಿ ಹೋಮ್ ಸ್ಕ್ರೀನ್‌ನ ಎಡಕ್ಕೆ ಸುದ್ದಿಗಳ ಸಾಲು ಬರುತ್ತಿದ್ದರೆ, ಖಾಲಿ ಜಾಗದಲ್ಲಿ ಒತ್ತಿ ಹಿಡಿದು ಹೋಮ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿ.

ರಾತ್ರಿ ಹೊತ್ತು ಪರದೆಯನ್ನು ಕಪ್ಪು ಬಿಳುಪು ಮಾಡಬಹುದು. ಆಂಡ್ರಾಯ್ಡ್‌ನ ‘ಬೆಡ್‌ಟೈಮ್ ಮೋಡ್’ನಲ್ಲಿ ಅದಕ್ಕೆ ಸಮಯ ನಿಗದಿ ಮಾಡುವ ಆಯ್ಕೆ ಇದೆ. ಬಣ್ಣ ಹೋದ ರೀಲ್ಸ್ ಬಹಳ ಹೊತ್ತು ನೋಡಲಾಗುವುದಿಲ್ಲ. ಇದಕ್ಕಿಂತ ಒಳ್ಳೆಯದು ಚಾರ್ಜರನ್ನು ಮಲಗುವ ಕೋಣೆಯಿಂದ ಹಾಲ್‌ಗೆ ಒಯ್ಯುವುದು. ‘ಅಲಾರಂ ಬೇಕಲ್ಲ’ ಅನ್ನುವವರು ಅಂಗಡಿಯಲ್ಲಿ ಸಿಗುವ ಚಿಕ್ಕ ಅಲಾರಂ ಗಡಿಯಾರ ತಂದಿಟ್ಟುಕೊಳ್ಳಿ. ಸ್ಟಾರ್ ಹಾಕಿದವರ ಕರೆ ಹಾಲ್‌ನಿಂದಲೂ ಕೇಳುತ್ತದೆ, ರಿಂಗ್ ಸದ್ದು ಜೋರಾಗಿಡಿ.

9. ಎಲ್ಲರಿಗೂ ಒಂದೇ ಅಳತೆ ಆಗುವುದಿಲ್ಲ

ಆಟೊ, ಕ್ಯಾಬ್ ಓಡಿಸುವವರಿಗೆ, ಡೆಲಿವರಿ ಮಾಡುವವರಿಗೆ ಫೋನ್ ಸದ್ದೇ ಸಂಬಳ. ಅವರು ಕೆಲಸದ ಆ್ಯಪ್ ಬಿಟ್ಟು ಮಿಕ್ಕ ಎಲ್ಲವನ್ನೂ, ಆರಿಸಿದ ಆ್ಯಪ್‌ಗಳನ್ನು ಸ್ವಲ್ಪ ಹೊತ್ತು ತಡೆದಿಡುವ ಆಂಡ್ರಾಯ್ಡ್‌ನ ‘ಫೋಕಸ್ ಮೋಡ್’ಗೆ ಸೇರಿಸಲಿ. ಡ್ಯೂಟಿ ಮುಗಿದಾಗ ಆಫ್ ಮಾಡಿದರಾಯ್ತು. ಗಾಡಿ ಓಡಿಸುವಾಗ ಒಂದೇ ಆ್ಯಪ್ ಸದ್ದು ಮಾಡುವುದು ಸುರಕ್ಷತೆಯ ವಿಷಯವೂ ಹೌದು.

ಮನೆಯಲ್ಲಿ ಮಕ್ಕಳಿದ್ದರೆ ಮೊದಲು ದೊಡ್ಡವರ ಫೋನಿಗೆ ಇದನ್ನೆಲ್ಲ ಮಾಡಿ. ಊಟದ ಹೊತ್ತಿನಲ್ಲಿ ಅಪ್ಪನ ಫೋನೂ ಹಾಲ್‌ನಲ್ಲೇ ಇದ್ದರೆ ಮಗನಿಗೆ ಹೇಳುವ ಮಾತಿಗೆ ತೂಕ ಬರುತ್ತದೆ.

ಕೆಲವರ ವಿಷಯದಲ್ಲಿ ಸೆಟ್ಟಿಂಗ್ಸ್ ಸಾಕಾಗುವುದಿಲ್ಲ. ಫೋನ್ ತೆಗೆದುಕೊಂಡರೆ ಸಿಟ್ಟು, ಜಗಳ, ನಿದ್ದೆಗೇಡು, ಶಾಲೆಗೆ ಹೋಗಲ್ಲ ಅನ್ನುವುದು, ಆನ್‌ಲೈನ್ ಆಟಕ್ಕೆ ಹಣ ಕಳೆಯುವುದು ಇವೆಲ್ಲ ಕಂಡರೆ ತಜ್ಞರ ಬಳಿ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್ ಕ್ಲಿನಿಕ್’ 2014ರಿಂದ ಇದೆ. ದೂರದ ಊರಿನವರು ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗು ಹಾಳಾಯ್ತು ಅಂತ ಬೈಯುವ ಮುಂಚೆ ಆ ಒಂದು ಕರೆ ಮಾಡಿ.

10. ತಿಂಗಳಿಗೊಮ್ಮೆ

ಫೋನ್ ದೊಡ್ಡ ಅಪ್‌ಡೇಟ್ ತೆಗೆದುಕೊಂಡಾಗ ಕೆಲವೊಮ್ಮೆ ಹೊಸ ಆ್ಯಪ್ ತಾನಾಗಿ ಬಂದು ಕೂತಿರುತ್ತದೆ. ಆ್ಯಪ್‌ಗಳೂ ಹೊಸ ಬಗೆಯ ನೋಟಿಫಿಕೇಶನ್ ಸೇರಿಸುತ್ತಾ ಇರುತ್ತವೆ, ಅವು ಬರುವಾಗಲೇ ಆನ್ ಆಗಿರುತ್ತವೆ. ಕರೆಂಟ್ ಬಿಲ್ ಕಟ್ಟುವ ದಿನ ಇದಕ್ಕೂ ಹತ್ತು ನಿಮಿಷ ಇಡಿ. ನೋಟಿಫಿಕೇಶನ್ ಪಟ್ಟಿ ತೆರೆದು ಹೊಸದೇನು ಬಂದಿದೆ ನೋಡಿ, ಆಫ್ ಮಾಡಿ. ಆ ತಿಂಗಳು ತೆರೆಯದ ಆ್ಯಪ್ ಇದ್ದರೆ ತೆಗೆಯಿರಿ. ಅಂಗಡಿಯಲ್ಲಿ ‘ಆ್ಯಪ್ ಡೌನ್‌ಲೋಡ್ ಮಾಡಿದ್ರೆ ಐವತ್ತು ರೂಪಾಯಿ ಕಡಿಮೆ’ ಅಂತ ಹಾಕಿಸಿಕೊಂಡದ್ದಿದ್ದರೆ ಅದನ್ನು ಅಂಗಡಿ ಮೆಟ್ಟಿಲು ಇಳಿಯುವಾಗಲೇ ತೆಗೆಯಬಹುದು.